ಬೆನ್ನಿನ ಮೇಲಿನ ಮೆಟ್ಟಿಲು

ಇನ್‌ಸ್ಪೆಕ್ಟರ್ ಮೊದಲ ಸಲ ತಪ್ಪು ಮಾಡಿದ್ದು ಒಂದು ಬುಧವಾರ. ವಾರ ಅಕ್ಕನಿಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಅಂದಿನಿಂದ ಅವಳಿಗೆ ತಿಂದದ್ದು ಮೈಗೆ ಹತ್ತಲಿಲ್ಲ.

ಇನ್‌ಸ್ಪೆಕ್ಟರ್ ಎಂದರೆ ಲಾಠಿ ಹಿಡಿದವನಲ್ಲ. ಅವಳ ಒಬ್ಬನೇ ತಮ್ಮ. ನಲವತ್ತಮೂರು ವರ್ಷ, ಗಿಡ್ಡ ಆಳು, ಗುಂಡು ಮುಖ, ಓರೆಯಾಗಿ ಮೇಲೆದ್ದ ಸಣ್ಣ ಕಣ್ಣು, ಅಂಗಿಯ ಜೇಬಿನಲ್ಲಿ ಸದಾ ಎರಡು ಪೆನ್ನು; ಎರಡರಲ್ಲೂ ಶಾಯಿ ಮುಗಿದು ಯಾವ ಕಾಲವಾಯಿತೋ. ಅಕ್ಕ ತಮ್ಮ ಇಬ್ಬರೂ ಒಂದೇ ಬೈಂಡಿಂಗ್ ಶಾಪಿನಲ್ಲಿ ಕೆಲಸಕ್ಕಿದ್ದರು. ಅವಳು ಸೂಜಿ ಹಿಡಿದು ಪುಸ್ತಕ ಹೊಲಿಯುವವಳು. ಅವನು ಹೊಲಿಗೆಗೆ ಮುಂಚೆ ಪುಸ್ತಕ ಪರೀಕ್ಷೆ ಮಾಡುವವನು. ಅವನ ಹೆಬ್ಬೆರಳು ಸವರದೆ ಒಂದು ಪ್ರತಿಯೂ ಅವಳ ಮೇಜಿಗೆ ಬರುವಂತಿರಲಿಲ್ಲ, ಅದಕ್ಕೇ ಆ ಹೆಸರು. ಕಾಗದ ಕತ್ತರಿಸುವ ಯಂತ್ರದವನು ತಮಾಷೆಗೆಂದು ಇಟ್ಟದ್ದನ್ನು ಅವನು ಪ್ರಮೋಶನ್ ಎಂದೇ ತಿಳಿದು ಅಂದಿನಿಂದ ಎದೆ ಸೆಟೆಸಿಕೊಂಡು ನಡೆಯುತ್ತಿದ್ದ.

ಅವನ ಕೆಲಸ ಹೇಳುವುದಕ್ಕೆ ಸುಲಭ, ಮಾಡಿದವರಿಗೇ ಗೊತ್ತು. ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟದ ಒಂದು ಮಡಿಕೆಯಾಗುತ್ತದೆ. ಅದಕ್ಕೆ ಫಾರಂ ಎನ್ನುತ್ತಾರೆ. ಹದಿನಾಲ್ಕು ಫಾರಂ ಒಂದರ ಮೇಲೊಂದು ಕೂತರೆ ಒಂದು ಪುಸ್ತಕ. ಪ್ರತಿ ಫಾರಂನ ಬೆನ್ನಿನ ಮೇಲೆ ಅಕ್ಕಿಕಾಳಿನಷ್ಟು ಕಪ್ಪು ಗುರುತಿರುತ್ತದೆ. ಒಂದನೆಯದಕ್ಕೆ ತುದಿಯಲ್ಲಿ, ಎರಡನೆಯದಕ್ಕೆ ಚೂರು ಕೆಳಗೆ, ಮೂರನೆಯದಕ್ಕೆ ಇನ್ನೂ ಚೂರು ಕೆಳಗೆ. ಎಲ್ಲವನ್ನೂ ಸರಿಯಾಗಿ ಜೋಡಿಸಿದರೆ ಪುಸ್ತಕದ ಬೆನ್ನಿನ ಮೇಲೆ ಮೆಟ್ಟಿಲು ಇಳಿದಂತೆ ಕಾಣುತ್ತದೆ. ಮೆಟ್ಟಿಲು ಮುರಿದಿದ್ದರೆ ಪುಟ ಹಿಂದುಮುಂದಾಗಿದೆ ಎಂದು ಅರ್ಥ. ಅಂಥ ಪ್ರತಿಯನ್ನು ಪಕ್ಕಕ್ಕಿಟ್ಟು ಕೂಗಿ ಹೇಳಬೇಕು. ಇನ್‌ಸ್ಪೆಕ್ಟರಿಗೆ ತನ್ನ ಹೆಸರು, ಒಂದೆರಡು ಅಂಗಡಿಯ ಬೋರ್ಡು ಬಿಟ್ಟರೆ ಹೆಚ್ಚು ಓದಲು ಬರುತ್ತಿರಲಿಲ್ಲ. ಮೆಟ್ಟಿಲು ಓದುವುದರಲ್ಲಿ ಮಾತ್ರ ಅವನನ್ನು ಮೀರಿಸುವವರು ಆ ಶಾಪಿನಲ್ಲಿ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದೂ ಇವನ ಕಣ್ಣು ತಪ್ಪಿಸಿಲ್ಲ ಎಂದು ಯಜಮಾನರೇ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು.

ಆ ಬುಧವಾರ ಅಕ್ಕ ಸೂಜಿಗೆ ದಾರ ಪೋಣಿಸಿ, ಅವನ ಕಡೆಯಿಂದ ಬಂದ ಒಂದು ಪ್ರತಿಯನ್ನು ಎತ್ತಿಕೊಂಡಳು. ಎಂಟರ ಜಾಗದಲ್ಲಿ ಒಂಬತ್ತು, ಒಂಬತ್ತರ ಜಾಗದಲ್ಲಿ ಎಂಟು. ಸುತ್ತ ನೋಡಿದಳು. ಯಾರ ಗಮನವೂ ಇತ್ತ ಇರಲಿಲ್ಲ. ಎರಡನ್ನೂ ಅದಲುಬದಲು ಮಾಡಿ, ಏನೂ ಆಗಿಲ್ಲವೆಂಬಂತೆ ಹೊಲಿದುಬಿಟ್ಟಳು.

ಎರಡು ಫಾರಂ ಹಿಂದುಮುಂದಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಬೇರೆ ಯಾರೇ ಆಗಿದ್ದರೂ ಅವಳು ನಾಲ್ಕು ಮಾತು ಬೈದು, ನಕ್ಕು, ಮರೆಯುತ್ತಿದ್ದಳು. ಆದರೆ ಎಂಟು ತಿಂಗಳ ಹಿಂದೆ ಡಾಕ್ಟರಮ್ಮ ಆಡಿದ ಮಾತೊಂದು ಅವಳ ಹೊಟ್ಟೆಯಲ್ಲಿ ಕೂತಿತ್ತು.

ತಮ್ಮನಿಗೆ ಕೆಮ್ಮು ಬಿಡಲಿಲ್ಲವೆಂದು ಕರೆದೊಯ್ದಿದ್ದಳು. ಹೊಸ ಡಾಕ್ಟರಮ್ಮ, ಒಳ್ಳೆಯವರೇ. ಅವನಿಗೆ ಡೌನ್ ಸಿಂಡ್ರೋಮ್ ಇರುವುದು ಅವರಿಗೆ ಮುಖ ನೋಡಿದ ಕೂಡಲೇ ತಿಳಿದಿತ್ತು. ಎಲ್ಲರ ಜೀವಕೋಶದಲ್ಲೂ ಎರಡೇ ಇರುವ ಇಪ್ಪತ್ತೊಂದನೇ ವರ್ಣತಂತು ಇವನಿಗೆ ಮೂರಿದೆ, ಯಾರು ಮಾಡಿದ ತಪ್ಪೂ ಅಲ್ಲ, ಹುಟ್ಟಿದ್ದೇ ಹಾಗೆ ಎಂದು ಅಮ್ಮನಿಗೆ ಯಾರೋ ಪುಣ್ಯಾತ್ಮರು ಹಿಂದೆಯೇ ಬಿಡಿಸಿ ಹೇಳಿದ್ದರು. ತಮ್ಮ ಅದನ್ನು ತನ್ನ ಕೆಲಸದ ಭಾಷೆಗೆ ತಂದುಕೊಂಡಿದ್ದ. ಯಾರಾದರೂ ಕೆಣಕಿದರೆ, ನನಗೆ ಒಂದು ಫಾರಂ ಜಾಸ್ತಿ, ನಿಮಗೆಲ್ಲ ಒಂದು ಕಮ್ಮಿ ಎಂದು ಬಾಯಿ ಮುಚ್ಚಿಸುತ್ತಿದ್ದ. ಡಾಕ್ಟರಮ್ಮ ಕೆಮ್ಮಿಗೆ ಔಷಧಿ ಬರೆದು, ಅಕ್ಕನ ಕಡೆ ವಾಲಿ, ದನಿ ತಗ್ಗಿಸಿ ಹೇಳಿದ್ದರು: ಮುಪ್ಪು ಬೇಗ ಬರುತ್ತದೆ. ನಲವತ್ತು ದಾಟಿದ ಮೇಲೆ ಮರೆವಿನ ಕಾಯಿಲೆ ಬಹಳ ಜನಕ್ಕೆ ಕಾಣಿಸಿಕೊಳ್ಳುತ್ತದೆ. ಮೊದಲು ಗೊತ್ತಿದ್ದ ಕೆಲಸ ಕೈತಪ್ಪುತ್ತದೆ, ಆಮೇಲೆ ದಾರಿ, ಕೊನೆಗೆ ಮುಖಗಳು. ಒಂದು ಕಣ್ಣಿಟ್ಟಿರಿ. ತಮ್ಮ ಪಕ್ಕದ ಸ್ಟೂಲಿನ ಮೇಲೆ ಕೂತು ಕಾಲು ಆಡಿಸುತ್ತಿದ್ದ.

ಒಂದು ಕಣ್ಣಿಡಿ ಎಂದರೆ ಅಕ್ಕ ಎರಡೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಬುಧವಾರದ ನಂತರ ಕೇಳುವುದೇ ಬೇಡ. ಅವರ ಮನೆ ಮೂರನೇ ಮಹಡಿಯಲ್ಲಿತ್ತು. ಓಡಿ ಇಳಿಯುತ್ತಿದ್ದವನು ಈಗ ಗೋಡೆ ಹಿಡಿದು, ಪ್ರತಿ ಮೆಟ್ಟಿಲನ್ನೂ ಕಾಲಲ್ಲಿ ತಡವಿ ಇಳಿಯುತ್ತಿದ್ದ. ಲೋಟದ ಪಕ್ಕಕ್ಕೆ ನೀರು ಸುರಿದ. ಅಂಗಿಯನ್ನು ಒಳಹೊರಗು ಮಾಡಿ ತೊಟ್ಟ. ಎದುರುಮನೆಯ ದರ್ಜಿಯ ಹೆಂಡತಿಯನ್ನು ದಿನಾ ಮಾತಾಡಿಸದೆ ಮುಂದೆ ಹೋಗುವವನಲ್ಲ. ಈಗ ಅವಳೇ ಕರೆಯುವವರೆಗೂ ಕಂಬ ದಾಟಿದಂತೆ ದಾಟಿಹೋಗುತ್ತಿದ್ದ. ರಸ್ತೆ ದಾಟುವಾಗ ಅಕ್ಕನನ್ನು ಎಳೆದುಕೊಂಡು ಹೋಗುತ್ತಿದ್ದ ಧೀರ, ಈಗ ಅವಳ ತೋಳನ್ನು ಉಗುರು ನೆಡುವ ಹಾಗೆ ಹಿಡಿಯುತ್ತಿದ್ದ. ಕೆಲಸ, ದಾರಿ, ಮುಖ. ಡಾಕ್ಟರಮ್ಮ ಹೇಳಿದ ಕ್ರಮದಲ್ಲೇ ಎಲ್ಲವೂ ಬರುತ್ತಿದೆ ಎಂದು ಅವಳಿಗೆ ಅನ್ನಿಸಿತು.

ಅವಳ ಏಪ್ರನ್ನಿನ ಜೇಬಿನಲ್ಲಿ ಹೊಲಿಗೆಯ ದಾರದ ಒಂದು ತುಂಡಿತ್ತು. ಅವನು ತಪ್ಪಿದಾಗಲೆಲ್ಲ ಅದಕ್ಕೊಂದು ಗಂಟು ಹಾಕುತ್ತಿದ್ದಳು. ಡಾಕ್ಟರ ಹತ್ತಿರ ಹೋಗಬಾರದೇ ಎಂದರೆ, ಅದೊಂದು ಅವಳಿಂದಾಗದು. ಕಾಯಿಲೆಯ ಹೆಸರು ಹಿಡಿದು ಕರೆದರೆ ಅದು ಬಂದು ಮನೆಯಲ್ಲಿ ಕೂತೇಬಿಡುತ್ತದೆ ಎಂಬ ಭಯ. ಐವತ್ತೆರಡು ವರ್ಷದ ಹೆಂಗಸು, ನಾಲ್ಕು ಜನಕ್ಕೆ ಬುದ್ಧಿ ಹೇಳುವವಳು, ಮಗುವಿನ ಹಾಗೆ ಹೆದರಿದ್ದಳು. ಅಪ್ಪ ಅಮ್ಮ ಹೋಗಿ ವರ್ಷಗಳಾಗಿದ್ದವು. ಶಾಪಿನವರು, ಅಂಗಡಿಯವರು, ಬಸ್ಸಿನವನು ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಆದರೆ ಹುಟ್ಟಿನ ಹಕ್ಕಿನಿಂದ ಹಾಗೆ ಕರೆಯುವವನು ಭೂಮಿಯ ಮೇಲೆ ಒಬ್ಬನೇ. ಒಂದು ಬೆಳಿಗ್ಗೆ ಅವನು ಹಲ್ಲುಜ್ಜಿ ಬಂದು, ನೀವು ಯಾರು ಎಂದು ಕೇಳಿಬಿಟ್ಟರೆ ಆಮೇಲೆ ತಾನು ಯಾರ ಅಕ್ಕ?

ಹಾಗಾಗಿ ಗುಟ್ಟಾಗಿ ಪರೀಕ್ಷೆ ಶುರುಮಾಡಿದಳು. ಅವನ ತಲೆ ಬಾಚುತ್ತ, ಬಟ್ಟೆ ಮಡಿಸುತ್ತ, ಮಾತಿಗೆ ಮಾತು ಬಂದಂತೆ ಕೇಳುವುದು. ನಿನ್ನೆ ಯಾರು ಬಂದಿದ್ದರು, ನಾವು ಮೊದಲಿದ್ದ ಮನೆಯ ಬಾಗಿಲಿಗೆ ಯಾವ ಬಣ್ಣ. ಅವನು ಸರಿಯಾಗೇ ಹೇಳುತ್ತಿದ್ದ. ಹೇಳಿದ ಮೇಲೆ ಸುಮ್ಮನಾಗದೆ ಅವಳನ್ನೇ ಕೇಳುತ್ತಿದ್ದ: ಬೀಗದ ಕೈ ಎಲ್ಲಿಟ್ಟಿದ್ದೀಯ, ಇವತ್ತು ಯಾವ ವಾರ, ಬಸ್ಸು ಎಷ್ಟನೇ ನಂಬರಿನದು. ದಿನಾ ಅವೇ ಪ್ರಶ್ನೆ, ಅದೇ ಗಂಭೀರ ಮುಖ. ಕೇಳಿದ್ದನ್ನೇ ಕೇಳುವುದು ಮರೆವಿನ ಗುರುತು ಎಂದು ಅವಳು ಎಲ್ಲೋ ಓದಿದ್ದಳು. ಅದಕ್ಕೂ ಗಂಟು ಬಿತ್ತು.

ಆಮೇಲೆ ಅವಳು ಮಾಡಿದ್ದನ್ನು ಬೈಂಡಿಂಗ್ ಕೆಲಸದವರು ಯಾರೂ ಮಾಡಬಾರದು. ಊಟದ ಬಿಡುವಿನಲ್ಲಿ, ಶಾಪು ಖಾಲಿಯಿದ್ದಾಗ, ಅವನು ಪರೀಕ್ಷಿಸಬೇಕಾದ ರಾಶಿಯಿಂದ ಒಂದು ಪ್ರತಿ ಎತ್ತಿ ತಾನೇ ಎರಡು ಫಾರಂ ಅದಲುಬದಲು ಮಾಡಿ ಒಳಗೆ ಸೇರಿಸಿಡುತ್ತಿದ್ದಳು. ಅವನು ಹಿಡಿಯುತ್ತಾನೋ ಇಲ್ಲವೋ ನೋಡುವುದಕ್ಕೆ. ಹಿಡಿಯದಿದ್ದರೆ ಹೇಗೂ ತನ್ನ ಮೇಜಿಗೇ ಬರುತ್ತದೆ, ಸರಿಮಾಡಿ ಹೊಲಿದರಾಯಿತು. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಆರು ಸಲ ಮಾಡಿದಳು. ಮೂರು ಪ್ರತಿ ಹಾಗೇ ದಾಟಿ ಬಂದವು. ಇನ್ನು ಮೂರು ಸರಿಯಾಗಿ ಜೋಡಿಸಿಕೊಂಡು ಬಂದವು, ಆದರೆ ಅವನು ಪಕ್ಕಕ್ಕಿಡಲೂ ಇಲ್ಲ, ಕೂಗಿ ಹೇಳಲೂ ಇಲ್ಲ. ಇಪ್ಪತ್ತೆರಡು ವರ್ಷದ ನಿಯಮವನ್ನೇ ಮರೆತಿದ್ದಾನೆಂದು ಅವಳು ಒಂದು ಗಂಟಿನ ಜಾಗದಲ್ಲಿ ಎರಡು ಹಾಕಿದಳು. ಕೆಲಸವೂ ನಿಧಾನವಾಗಿತ್ತು. ಹೆಬ್ಬೆರಳು ಸವರಿ ತಳ್ಳುತ್ತಿದ್ದವನು ಈಗ ಪ್ರತಿಯೊಂದರ ಬೆನ್ನನ್ನೂ ಮೂಗಿಗೆ ತಾಗಿಸಿಕೊಂಡು, ಬೆವರೊರೆಸಿಕೊಳ್ಳುತ್ತ, ಎರಡೆರಡು ಸಲ ನೋಡುತ್ತಿದ್ದ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿಯೇ.

ಏಳನೆಯದು ಕೈಮೀರಿತು. ಅದೊಂದು ಪತ್ತೇದಾರಿ ಕಾದಂಬರಿ. ನಾಲ್ಕರ ಜಾಗಕ್ಕೆ ಹನ್ನೆರಡನ್ನು ಇಟ್ಟು ರಾಶಿಗೆ ಸೇರಿಸಿದ್ದಳು. ಅಷ್ಟರಲ್ಲಿ ಕೈಹೊಲಿಗೆಯ ದಾರ ಮುಗಿದಿದೆಯೆಂದು ಯಜಮಾನರು ಅವಳನ್ನೇ ಪೇಟೆಗೆ ಕಳಿಸಿದರು. ಬರುವಾಗ ಮೂರು ಗಂಟೆ ತಡ. ಪ್ರಕಾಶಕರು ಅವಸರ ಮಾಡಿದ್ದರಿಂದ ಇಡೀ ರಾಶಿ ಅವಳ ಮೇಜಿಗೆ ಬರದೆ, ತುರ್ತಿಗೆಂದಿದ್ದ ಹೊಲಿಗೆಯ ಯಂತ್ರಕ್ಕೆ ಹೋಗಿ, ಬೆನ್ನಿಗೆ ಅಂಟು ಬಿದ್ದು, ರಟ್ಟು ಕೂತಿತ್ತು. ಅಂಟು ಬಿದ್ದ ಮೇಲೆ ಮೆಟ್ಟಿಲು ಯಾರಿಗೂ ಕಾಣದು. ಆರುನೂರು ಪುಸ್ತಕ ಒಂದೇ ಮುಖ ಮಾಡಿಕೊಂಡು ನಿಂತಿದ್ದವು. ಲೋಪದೋಷ ನೋಡುವ ನೆಪ ಹೇಳಿ ಒಂದೊಂದೇ ತೆರೆಯತೊಡಗಿದಳು. ತೊಂಬತ್ತರ ಹತ್ತಿರ ಬಂದಾಗ ವ್ಯಾನು ಬಂದು ಎಲ್ಲವನ್ನೂ ಹೇರಿಕೊಂಡು ಹೋಯಿತು.

ಹನ್ನೆರಡು ದಿನ ಅವಳು ಫೋನು ರಿಂಗಾದಾಗಲೆಲ್ಲ ಬೆಚ್ಚಿಬೀಳುತ್ತಿದ್ದಳು. ಹದಿಮೂರನೆಯ ದಿನ ಯಜಮಾನರು ಇಬ್ಬರನ್ನೂ ತಮ್ಮ ಗಾಜಿನ ಕೋಣೆಗೆ ಕರೆದರು. ಮೇಜಿನ ಮೇಲೆ ಆ ಪುಸ್ತಕವಿತ್ತು. ಓದಿದವರು ಯಾರೋ ಚೀಟಿ ಬರೆದು ಕಳಿಸಿದ್ದರು: ಈ ಕಥೆಯಲ್ಲಿ ಕೊಲೆಯಾಗುವ ಮೊದಲೇ ಕೊಲೆಗಾರ ಸಿಕ್ಕಿಬಿದ್ದಿದ್ದಾನೆ, ಇಷ್ಟು ಚುರುಕಿನ ಪತ್ತೇದಾರನನ್ನು ನಾನು ಕಂಡಿಲ್ಲ. ಬೇರೆ ದಿನವಾಗಿದ್ದರೆ ಮೂವರೂ ನಗುತ್ತಿದ್ದರು.

ಯಜಮಾನರು ಕೂಗಾಡುವ ಆಸಾಮಿಯಲ್ಲ, ಅದರಿಂದಲೇ ಅಕ್ಕನಿಗೆ ಹೆಚ್ಚು ಭಯವಾಯಿತು. ಬೈಯುವುದಕ್ಕೆ ಕರೆದಿಲ್ಲ ಎಂದರು. ಇನ್‌ಸ್ಪೆಕ್ಟರಿಗೂ ವಯಸ್ಸಾಯಿತು, ಇತ್ತೀಚೆಗೆ ಕೆಲಸ ನಿಧಾನ, ನಾನೂ ಗಮನಿಸಿದ್ದೇನೆ. ನಾಳೆಯಿಂದ ಹಿಂದಿನ ಕೋಣೆಯಲ್ಲಿ ಪಾರ್ಸಲ್ ಕಟ್ಟಲಿ, ಸಂಬಳ ಅಷ್ಟೇ ಇರಲಿ ಎಂದರು. ಹಿಂದಿನ ಕೋಣೆಗೆ ಕಿಟಕಿಯಿರಲಿಲ್ಲ. ಅಲ್ಲಿ ಯಾರೂ ಯಾರನ್ನೂ ಇನ್‌ಸ್ಪೆಕ್ಟರ್ ಎನ್ನುವುದಿಲ್ಲ.

ತಪ್ಪು ನನ್ನದು ಎಂದರೆ ಮುಗಿಯಿತು, ಎರಡೇ ಪದ. ಆದರೆ ಯಾಕೆ ಮಾಡಿದೆ ಎಂದು ಕೇಳುತ್ತಾರೆ. ಆಗ ಆ ಕಾಯಿಲೆಯ ಹೆಸರನ್ನು ಇವರ ಮುಂದೆ, ಅವನ ಮುಂದೆ, ಬಾಯಿಬಿಟ್ಟು ಹೇಳಬೇಕು. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಗಿತ್ತು, ಆ ಬೇಲಿ ತಾನೇ ಎಂದು ಗೊತ್ತಿದ್ದೂ ಅವಳು ನೆಲ ನೋಡುತ್ತ ನಿಂತಳು.

ಇನ್‌ಸ್ಪೆಕ್ಟರ್ ಒಂದು ಹೆಜ್ಜೆ ಮುಂದೆ ಬಂದ. ಜೇಬಿನಿಂದ ಎರಡೂ ಪೆನ್ನು ತೆಗೆದು ಯಜಮಾನರ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟ.

"ನಾನು ಪಾರ್ಸಲ್ ಕಟ್ತೀನಿ," ಎಂದ. "ಅಕ್ಕನ್ನ ಮಾತ್ರ ಕೆಲಸದಿಂದ ತೆಗೀಬೇಡಿ."

ಅಕ್ಕನ ಮಾತು ಇಲ್ಲಿ ಯಾಕೆ ಬಂತು ಎಂದು ಯಜಮಾನರು ಕೇಳಿದರು.

"ಅಕ್ಕನಿಗೆ ಮರೆವಿನ ಕಾಯಿಲೆ ಬಂದಿದೆ. ಫಾರಂ ತಪ್ಪು ತಪ್ಪು ಜೋಡಿಸ್ತಾಳೆ, ಊಟದ ಹೊತ್ತಲ್ಲಿ. ನಾನು ಬಾಗಿಲ ಹತ್ರ ನಿಂತು ನೋಡಿದೀನಿ. ಯಾವ ಪುಸ್ತಕ ಅಂತ ಗೊತ್ತಾಗಲ್ಲ, ಎಲ್ಲಾನೂ ಹುಡುಕಬೇಕು. ಸಿಕ್ಕಿದ್ದನ್ನ ಸರಿಮಾಡಿಟ್ಟೆ, ಕೂಗಲಿಲ್ಲ. ಕೂಗಿದ್ರೆ ಎಲ್ಲರಿಗೂ ಗೊತ್ತಾಗತ್ತಲ್ಲ. ಈಗೀಗ ಗುರುತು ಮಂಜು ಮಂಜು, ಕೆಲವು ಸಿಗಲೇ ಇಲ್ಲ." ಅವನು ಮೂಗೊರೆಸಿಕೊಂಡ. "ಮೊದ್ಲು ಕೆಲಸ ಹೋಗತ್ತೆ, ಆಮೇಲೆ ದಾರಿ, ಆಮೇಲೆ ಮುಖ. ಡಾಕ್ಟರಮ್ಮ ಅವಳಿಗೆ ಹೇಳಿದಾರೆ. ನಾನು ದಿನಾ ಕೇಳ್ತೀನಿ, ಬೀಗದ ಕೈ ಎಲ್ಲಿದೆ ಅಂತ. ಇನ್ನೂ ಹೇಳ್ತಾಳೆ."

ಗೋಡೆಗೂ ಕಿವಿಯಿದೆ ಎನ್ನುವ ಜನ, ಸ್ಟೂಲಿನ ಮೇಲೆ ಕೂತವನಿಗೆ ಕಿವಿಯಿದೆ ಎಂಬುದನ್ನು ಮರೆಯುತ್ತಾರೆ. ಡಾಕ್ಟರಮ್ಮ ಅಕ್ಕನ ಮುಖ ನೋಡಿಕೊಂಡು ಹೇಳಿದ್ದರು. ಯಾರ ಮುಖ ನೋಡಿ ಹೇಳುತ್ತಾರೋ ಕಾಯಿಲೆ ಅವರದೇ. ಅದು ಅವನ ನ್ಯಾಯ, ಮತ್ತು ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಎಂಟು ತಿಂಗಳಿಗೂ ಮೇಲೆ ಅವನು ಅಕ್ಕನನ್ನು ಕಾಯುತ್ತಿದ್ದ. ರಸ್ತೆಯಲ್ಲಿ ಅವಳ ತೋಳು ಹಿಡಿದದ್ದು ಅರ್ಧ ತನ್ನ ಕಣ್ಣಿಗಾಗಿ, ಅರ್ಧ ಅವಳು ದಾರಿ ತಪ್ಪದಿರಲೆಂದು. ಅಕ್ಕ ಜೇಬಿಗೆ ಕೈಹಾಕಿದಾಗ ಗಂಟು ಗಂಟಾದ ದಾರ ಬೆರಳಿಗೆ ಸಿಕ್ಕಿತು. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು.

ಅಳುತ್ತಲೇ ಎಲ್ಲವನ್ನೂ ಹೇಳಿದಳು. ಫಾರಂ ಅದಲುಬದಲು ಮಾಡಿದ್ದು ತಾನು, ಮರೆತಲ್ಲ, ಬೇಕೆಂದೇ, ಅವನನ್ನು ಪರೀಕ್ಷಿಸುವುದಕ್ಕೆ. ಯಜಮಾನರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ತಮ್ಮ ಮಾತ್ರ ಯೋಚಿಸುತ್ತ ನಿಂತಿದ್ದ. ಅವನ ಯೋಚನೆ ಯಾವ ಕಡೆ ಹೋಗುತ್ತಿದೆ ಎಂದು ಅವಳಿಗೆ ಗೊತ್ತಾಯಿತು, ತಡೆಯಲು ಆಗಲಿಲ್ಲ.

"ಹಾಗಾದ್ರೆ ಮರೆವು ಬರೋದು ನನಗಾ?" ಎಂದ.

ಇಷ್ಟು ತಿಂಗಳು ಅವಳು ಹೆದರಿದ್ದು ಈ ಪ್ರಶ್ನೆಗೇ. ಸುಳ್ಳು ಹೇಳಬಹುದಿತ್ತು. ಅವನು ನಂಬುತ್ತಿದ್ದ.

"ಬರಬಹುದು," ಎಂದಳು. "ಬಂದಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳೋಕೆ ಹೆದರಿಕೊಂಡು ಕೂತಿದ್ದೆ."

ಮರುದಿನವೇ ಹೋದರು. ಡಾಕ್ಟರಮ್ಮ ಅವನ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ರಕ್ತ ತೆಗೆಸಿ, ಬಹಳ ಹೊತ್ತು ಪ್ರಶ್ನೆ ಕೇಳಿ, ಬರೆದುಕೊಂಡು, ಆಮೇಲೆ ಅಭ್ಯಾಸದಂತೆ ಅಕ್ಕನ ಕಡೆ ವಾಲಿದರು. ಇನ್‌ಸ್ಪೆಕ್ಟರ್ ಸ್ಟೂಲನ್ನು ಕರಕರ ಎಳೆದು ಇಬ್ಬರ ನಡುವೆ ಹಾಕಿಕೊಂಡು ಕೂತ. "ನನ್ನ ಕಣ್ಣು. ನನ್ನ ಹತ್ರ ಹೇಳಿ," ಎಂದ.

ಡಾಕ್ಟರಮ್ಮನ ಮುಖ ಕೆಂಪಾಯಿತು. ತಪ್ಪಾಯಿತು ಎಂದು ಒಪ್ಪಿಕೊಂಡು ಅವನಿಗೇ ಹೇಳಿದರು. ಎರಡೂ ಕಣ್ಣಿಗೆ ಪೊರೆ ಬಂದಿದೆ. ನೀವು ಹೇಳುವ ಹಾಗೆ ಒಂದು ಫಾರಂ ಹೆಚ್ಚಿರುವವರಿಗೆ ಅದು ಬೇಗ ಬರುತ್ತದೆ, ತೆಗೆಯಬಹುದು. ಥೈರಾಯ್ಡ್ ಕೂಡ ಸೋತಿರಬಹುದು, ಮೈ ನಿಧಾನವಾಗುವುದು ಅದರಿಂದಲೂ ಇರುತ್ತದೆ, ರಕ್ತದ ವರದಿ ಬಂದ ಮೇಲೆ ಮಾತ್ರೆ ಕೊಡುತ್ತೇನೆ. ಕಣ್ಣು ಕಾಣದೆ ತಡವರಿಸುವುದನ್ನು ಮರೆವು ಎಂದುಕೊಳ್ಳುವುದು ಇಂಥ ಮನೆಗಳಲ್ಲಿ ಹೊಸದಲ್ಲ, ಡಾಕ್ಟರುಗಳೂ ಹಾಗೆ ಮೋಸಹೋಗುತ್ತಾರೆ. ಮರೆವಿನ ಕಾಯಿಲೆ ಈಗ ಇದೆ ಎನ್ನಲು ಏನೂ ಕಾಣಿಸುತ್ತಿಲ್ಲ.

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಆದರೆ ಅವನು ಏಳಲಿಲ್ಲ. ಮುಂದೆ ಬರತ್ತಾ ಎಂದು ಕೇಳಿದ. ಬರಬಹುದು, ಬರದೆಯೂ ಇರಬಹುದು, ಬರುವುದಿಲ್ಲ ಎಂದು ಮಾತು ಕೊಡಲಾರೆ ಎಂದರು ಡಾಕ್ಟರಮ್ಮ. ನೋವಾಗತ್ತಾ ಎಂದು ಕೇಳಿದ. ನೋವಿಲ್ಲ, ಗಾಬರಿಯಾಗುತ್ತದೆ, ಆಗ ಗೊತ್ತಿರುವವರು ಹತ್ತಿರ ಇರಬೇಕು ಎಂದರು. ಅವನು ತಿರುಗಿ ಅಕ್ಕನನ್ನು ಒಮ್ಮೆ ನೋಡಿ, ಸರಿ ಎಂಬಂತೆ ತಲೆಯಾಡಿಸಿದ.

ಎರಡು ಕಣ್ಣಿನ ಪೊರೆಯನ್ನೂ ಒಂದು ತಿಂಗಳ ಅಂತರದಲ್ಲಿ ತೆಗೆದರು. ಪಟ್ಟಿ ಬಿಚ್ಚಿದ ಮಾರನೇ ದಿನ ಎದುರುಮನೆಯ ದರ್ಜಿಯ ಹೆಂಡತಿಯನ್ನು ಮೆಟ್ಟಿಲ ಮೇಲಿಂದಲೇ ಕೂಗಿ, ನಿಮಗೆ ಇಷ್ಟೊಂದು ಬಿಳಿಕೂದಲು ಯಾವಾಗ ಬಂತು ಎಂದು ಕೇಳಿ ಬೈಸಿಕೊಂಡ. ಯಜಮಾನರು ಎರಡು ಪೆನ್ನನ್ನೂ ಅವನ ಜೇಬಿಗೆ ತಾವೇ ಸಿಕ್ಕಿಸಿದರು. ಅಕ್ಕ ಗಂಟಿನ ದಾರವನ್ನು ಕಸದ ಡಬ್ಬಿಗೆ ಹಾಕಿದಳು. ಭಯವನ್ನು ಹಾಗೆ ಹಾಕಲು ಬರಲಿಲ್ಲ. ಅದು ಈಗ ಇಬ್ಬರ ಪಾಲಿಗೂ ಇತ್ತು, ಮತ್ತು ಹಂಚಿಕೊಂಡದ್ದರಿಂದ ಕಡಿಮೆಯೇನೂ ಆಗಿರಲಿಲ್ಲ.

ಒಂದು ಕರಾರು ಮಾಡಿಕೊಂಡರು. ಇನ್ನು ಮುಂದೆ ಗುಟ್ಟಿನ ಪರೀಕ್ಷೆಯಿಲ್ಲ. ದಿನಾ ಬೆಳಿಗ್ಗೆ ಟೀ ಕುಡಿಯುವಾಗ, ಎದುರುಬದುರು ಕೂತು, ಒಬ್ಬರು ಇನ್ನೊಬ್ಬರಿಗೆ ಒಂದೇ ಒಂದು ಪ್ರಶ್ನೆ. ಅವನು ಕೇಳುತ್ತಿದ್ದ, ಅವಳು ಬೀಗದ ಕೈ ತೋರಿಸುತ್ತಿದ್ದಳು. ಅವಳು ಕೇಳುತ್ತಿದ್ದಳು, ಅವನು ಬಸ್ಸಿನ ನಂಬರು ಹೇಳುತ್ತಿದ್ದ. ಒಂದು ಪ್ರಶ್ನೆ ಮಾತ್ರ ಅವಳು ಎಂದೂ ಕೇಳಲಿಲ್ಲ. ಅದು ನಾಲಿಗೆಯ ತುದಿಗೆ ಬಂದಾಗಲೆಲ್ಲ ಟೀ ನುಂಗಿದಳು.

ಒಂದು ದಿನ ಅವನೇ ಅದನ್ನು ಎತ್ತಿಕೊಂಡ. "ನಾನು ಯಾರು, ಹೇಳು."

"ನನ್ನ ತಮ್ಮ."

"ಸರಿ. ಈಗ ನೀನು ಕೇಳು. ಅದನ್ನೇ ಕೇಳು."

ಬೇಡವೆಂದಳು. ಅವನು ಬಿಡಲಿಲ್ಲ, ಲೋಟ ಕೆಳಗಿಟ್ಟು ಕಾದ. ಕೊನೆಗೆ ಅವಳು ಮೇಜಿನ ಅಂಚು ಹಿಡಿದುಕೊಂಡು ಕೇಳಿದಳು.

"ನಾನು ಯಾರು?"

ಅವನು ಅವಳನ್ನು ನೋಡಿದ. ಹೊಸ ಕಣ್ಣಿನಿಂದ ಹಣೆ, ಮೂಗು, ಗಲ್ಲ ಎಲ್ಲವನ್ನೂ ನೋಡಿದ. ಒಲೆಯ ಮೇಲೆ ಹಾಲು ಉಕ್ಕುವ ಸದ್ದಾಯಿತು, ಅವಳು ಏಳಲಿಲ್ಲ.

"ಗೊತ್ತಿಲ್ಲ," ಎಂದ.

ಅವಳ ಮುಖ ನೋಡಿ ಅವನು ಬಿದ್ದುಬಿದ್ದು ನಗತೊಡಗಿದ, ಪೆನ್ನುಗಳು ಜೇಬಿನಿಂದ ಜಾರಿ ಬೀಳುವಷ್ಟು. "ತಮಾಷೆ ಅಕ್ಕಾ, ತಮಾಷೆ," ಎಂದ. ಅವಳು ಅವನ ಬೆನ್ನಿಗೆ ಒಂದು ಗುದ್ದಿ, ಬೈದು, ತಾನೂ ನಕ್ಕಳು, ಎದ್ದು ಹಾಲು ಇಳಿಸಿದಳು. ಬೀಗ ಹಾಕುವಾಗಲೂ, ಬಸ್ಸಿನಲ್ಲಿ ಅವನ ಪಕ್ಕ ಕೂತಾಗಲೂ ಅವನ ಆ "ಗೊತ್ತಿಲ್ಲ" ಅವಳ ಕಿವಿಯಲ್ಲೇ ಇತ್ತು. ಶಾಪಿಗೆ ಬಂದು ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಪ್ರಯತ್ನಿಸಿದಳು. ಐದನೆಯ ಸಲ ಅವನು ಬಂದು ಪೋಣಿಸಿಕೊಟ್ಟ.